ತಮ್ಮನ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಆರಿಸಿದ್ದು ಹೀಗೆ

ತಮ್ಮನಿಗೆ ಗೇಮ್ ಆಡೋಕೆ ಗ್ರಾಫಿಕ್ಸ್ ಕಾರ್ಡ್ ಬೇಕಿತ್ತು. ಬಜೆಟ್ ಇಪ್ಪತ್ತು ಸಾವಿರದ ಆಸುಪಾಸು. ಬೆಲೆ ವಿಚಾರಿಸುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಐ5-10400ಎಫ್ ಪ್ರೊಸೆಸರ್, 8 ಜಿಬಿ ರ್‍ಯಾಮ್, 450 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಪೆಟ್ಟಿಗೆ), ಅದರಲ್ಲಿ ಗ್ರಾಫಿಕ್ಸ್ ಕಾರ್ಡಿಗೆಂದು ಇದ್ದದ್ದು ಒಂದೇ 6+2 ಪಿನ್ ಕೇಬಲ್ (6 ಪಿನ್‌ಗೂ 8 ಪಿನ್‌ಗೂ ಹೊಂದುವುದು). ಮಾನಿಟರ್ 1080ಪಿ. ಹೆಚ್ಚು ಕರೆಂಟ್ ಬೇಡುವ ಕಾರ್ಡ್ ಇದಕ್ಕೆ ಆಗದು, ಅರ್ಧ ತೀರ್ಮಾನ ಅಲ್ಲೇ ಆಗಿಹೋಯಿತು.

ಎಸ್‌.ಪಿ. ರೋಡಿನಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ) ಮೊದಲು ಕಣ್ಣಿಗೆ ಬಿದ್ದದ್ದು ಆರ್‌ಎಕ್ಸ್ 6500 ಎಕ್ಸ್‌ಟಿ. ಬೆಲೆ ಕಡಿಮೆ, ಆದರೆ ನಮ್ಮ ಮಷಿನ್‌ಗೆ ಅದು ಸಲ್ಲದು. ಅದರ ಮೆಮೊರಿ ಬರೀ 4 ಜಿಬಿ, ಮದರ್‌ಬೋರ್ಡಿನ ಸ್ಲಾಟಿನಲ್ಲಿ ಡೇಟಾ ಓಡಾಡುವ ದಾರಿಗಳ (ಲೇನ್) ಪೈಕಿ ನಾಲ್ಕನ್ನೇ ಬಳಸುತ್ತದೆ. ಹತ್ತನೇ ತಲೆಮಾರಿನ ಇಂಟೆಲ್‌ನಲ್ಲಿ ಇರುವುದು ಆ ಸ್ಲಾಟಿನ ಹಳೇ ಆವೃತ್ತಿ ಪಿಸಿಐಇ 3.0, ಹಾಗಾಗಿ ಪ್ರತಿ ಲೇನಿನ ವೇಗ ಮುಂದಿನ ಆವೃತ್ತಿ 4.0ರ ಅರ್ಧ. ಹೊಸ ಗೇಮ್‌ಗಳಲ್ಲಿ 4 ಜಿಬಿ ತುಂಬಿದ ತಕ್ಷಣ ದೃಶ್ಯದ ಮೇಲ್ಮೈ ಚಿತ್ರಗಳಾದ ಟೆಕ್ಸ್‌ಚರ್‌ಗಳನ್ನು ರ್‍ಯಾಮಿನಿಂದ ಆ ಕಿರಿದಾದ ದಾರಿಯಲ್ಲೇ ಎಳೆದು ತರಬೇಕು. ಆಟ ತಡವರಿಸುವುದು ಆಗಲೇ. ರೆಕಾರ್ಡಿಂಗ್ ಮಾಡೋಣ ಅಂದರೆ ಆಟವನ್ನು ವಿಡಿಯೊ ಫೈಲಾಗಿಸುವ ವಿಡಿಯೊ ಎನ್‌ಕೋಡರ್ ಕೂಡ ಅದರಲ್ಲಿಲ್ಲ.

ಆರ್‌ಟಿಎಕ್ಸ್ 3050 ಕೇಳುವವರು ಎಚ್ಚರವಾಗಿರಿ. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. ಎರಡನೆಯದರಲ್ಲಿ ಮೆಮೊರಿಯಷ್ಟೇ ಅಲ್ಲ, ಲೆಕ್ಕ ಮಾಡುವ ಕೋರ್‌ಗಳೂ ಕಡಿಮೆ. ಆದರೆ ಅದು ಬರೀ 70 ವ್ಯಾಟ್ ತಿನ್ನುತ್ತದೆ, ಸ್ಲಾಟಿನಿಂದಲೇ ಕರೆಂಟ್ ಸಾಕಾಗುತ್ತದೆ, ಬೇರೆ ಕೇಬಲ್ ಬೇಡ. ಆಫೀಸಿನ ಹಳೇ ಡೆಸ್ಕ್‌ಟಾಪ್ ಆಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 580 ಕೂಡ ನೋಡಿದೆ. ಅಂಗಡಿಯಲ್ಲೇ ಹಾಕಿಸಿ ಜಿಪಿಯು-ಝಡ್ (ಕಾರ್ಡಿನ ವಿವರ ತೋರಿಸುವ ಸಾಫ್ಟ್‌ವೇರ್) ತೆರೆದೆ. ಶೇಡರ್ಸ್ (ಕೋರ್‌ಗಳ ಸಂಖ್ಯೆ) ಅನ್ನುವ ಕಡೆ 2304 ಇರಬೇಕಿತ್ತು, ಅಲ್ಲಿದ್ದದ್ದು 2048. ಅದೇ ಹೆಸರಿನ ಕೆಳದರ್ಜೆಯ ಚಿಪ್. 2022ರ ಸೆಪ್ಟೆಂಬರಿನಲ್ಲಿ ಗ್ರಾಫಿಕ್ಸ್ ಕಾರ್ಡುಗಳಿಂದ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯ ಗಳಿಸುವ ಮೈನಿಂಗ್ ನಿಂತ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳೂ ಮಾರುಕಟ್ಟೆಗೆ ಬಂದಿವೆ. ಹಳೇ ಕಾರ್ಡ್ ಕೊಳ್ಳುವುದಾದರೆ ಇಪ್ಪತ್ತು ನಿಮಿಷ ಗೇಮ್ ಓಡಿಸಿ, ಫ್ಯಾನಿನ ಸದ್ದು ಕೇಳಿ, ಹಾಟ್‌ಸ್ಪಾಟ್ (ಚಿಪ್ಪಿನ ಅತಿ ಬಿಸಿಯಾದ ಜಾಗ) ಉಷ್ಣತೆ ನೋಡಿಯೇ ದುಡ್ಡು ಕೊಡಿ.

ಕೊನೆಗೆ ತಂದದ್ದು ಹೊಸ ಆರ್‌ಎಕ್ಸ್ 6600. 8 ಜಿಬಿ ಮೆಮೊರಿ, 132 ವ್ಯಾಟ್, ಒಂದೇ 8 ಪಿನ್. ಎಂಟು ಲೇನ್ ಇರುವುದರಿಂದ ಪಿಸಿಐಇ 3.0ದಲ್ಲೂ ಹೆಚ್ಚೇನೂ ನಷ್ಟವಿಲ್ಲ. ವಾರಂಟಿಗಾಗಿ ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸಿಕೊಂಡೆ. ಉಳಿದ ದುಡ್ಡಿಗೆ ಇನ್ನೊಂದು 8 ಜಿಬಿ ರ್‍ಯಾಮ್ ಹಾಕಿಸಿದೆ. ಡ್ಯುಯಲ್ ಚಾನೆಲ್ (ಎರಡೂ ಒಟ್ಟಿಗೆ ಕೆಲಸ ಮಾಡುವುದು) ಆದ ಮೇಲೆ ಆಟದ ಮಧ್ಯೆ ಬರುತ್ತಿದ್ದ ಸಣ್ಣ ಜಗ್ಗಾಟವೂ ನಿಂತಿತು.