ಫ್ರಿಜ್ಜಿನ ಬೆನ್ನು ಬೀದಿಗಿರಲಿ: ಕ್ಯಾರವಾನ್‌ನಲ್ಲಿ ಗ್ಯಾಸ್ ಫ್ರಿಜ್ ಕೂರಿಸುವ ಬಗೆ

ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯೊಳಗೆ ಬೆಳಗಿನ ಹಾಲು ಮಧ್ಯಾಹ್ನಕ್ಕೆ ಒಡೆದಿರುತ್ತದೆ. ಹಳೆ ಟಿಟಿಯನ್ನೋ ಮಿನಿ ಬಸ್ಸನ್ನೋ ಕ್ಯಾರವಾನ್ ಮಾಡಿಸುವವರು ಮಂಚ, ಒಲೆ, ಸಿಂಕ್ ಆದ ಮೇಲೆ ಫ್ರಿಜ್ ಕೇಳುವುದು ಅದಕ್ಕೇ. ರಾತ್ರಿ ತಂಗುವುದು ಕರೆಂಟ್ ಇರುವ ಕಡೆಯೇ ಎಂದಾದರೆ ಗ್ಯಾಸಿನ ಗೊಡವೆ ಬೇಡ, 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಸಾಕು. ಸೂಳೆಕೆರೆ ಕಡೆಗೋ ವಾಣಿವಿಲಾಸ ಸಾಗರದ ಕಡೆಗೋ ಹೋಗಿ ನಾಲ್ಕು ದಿನ ಅಲುಗಾಡದೆ ಇರುವವರಿಗೆ ಮಾತ್ರ ಗ್ಯಾಸ್ ಫ್ರಿಜ್ ಸಾರ್ಥಕ.

ಇದರಲ್ಲಿ ಕಂಪ್ರೆಸರ್ ಇಲ್ಲ. ಹಿಂಬದಿಯ ಉಕ್ಕಿನ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇರುತ್ತವೆ. ಸಣ್ಣ ಉರಿ ನೀರಿನಿಂದ ಅಮೋನಿಯಾವನ್ನು ಕುದಿಸಿ ಮೇಲೆ ಕಳಿಸುತ್ತದೆ. ಅದು ಮೇಲಿನ ರೆಕ್ಕೆಗಳಲ್ಲಿ, ಅಂದರೆ ಕೊಳವೆಗೆ ಬೆಸೆದ ತೆಳು ತಗಡುಗಳಲ್ಲಿ, ಬಿಸಿ ಬಿಟ್ಟು ದ್ರವವಾಗುತ್ತದೆ, ಪೆಟ್ಟಿಗೆಯ ಬಳಿ ಮತ್ತೆ ಆವಿಯಾಗುತ್ತ ಒಳಗಿನ ಶಾಖ ಹೀರುತ್ತದೆ, ಕೊನೆಗೆ ನೀರಿಗೆ ಸೇರಿ ಕೆಳಗಿಳಿಯುತ್ತದೆ. ಎಲ್ಲೂ ಪಂಪಿಲ್ಲ, ಇಳಿಜಾರೇ ಎಲ್ಲ ಮಾಡಬೇಕು. ಹಾಗಾಗಿ ಗಾಡಿ ವಾಲಿ ನಿಂತರೆ ಫ್ರಿಜ್ ತಣಿಯುವುದಿಲ್ಲ, ಬೆನ್ನಿನ ಬಿಸಿ ಹೊರಹೋಗದಿದ್ದರೂ ತಣಿಯುವುದಿಲ್ಲ. ಅಂದರೆ ಇದು ಗ್ಯಾಸಿನವನ ಕೆಲಸಕ್ಕಿಂತ ಹೆಚ್ಚಾಗಿ ಬಡಗಿಯ ಕೆಲಸ.

ಗೂಡು ಕಟ್ಟುವುದು

ಮೊದಲು ಕಾಗದಪತ್ರ. ಗಾಡಿಯ ಸ್ವರೂಪ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಸಿಕ್ಕ ಮೇಲಷ್ಟೇ ಗರಗಸ ಹಿಡಿಯಿರಿ.

ಫ್ರಿಜ್ಜನ್ನು ಹೊರಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಬೇಕು. ಅದರ ಎರಡೂ ಪಕ್ಕ ಮತ್ತು ಮೇಲ್ಭಾಗವನ್ನು ಗೂಡಿಗೆ ಗಾಳಿ ನುಸುಳದಂತೆ ಮುಚ್ಚಿ. ಬೆನ್ನಹಿಂದಿನ ಜಾಗ ಗಾಡಿಯ ಒಳಗಿದ್ದರೂ ಲೆಕ್ಕಕ್ಕೆ ಬೀದಿಯೇ: ಉರಿಗೆ ಬೇಕಾದ ಗಾಳಿ ಬೀದಿಯಿಂದ ಬರಬೇಕು, ಹೊಗೆ ಬೀದಿಗೇ ಹೋಗಬೇಕು. ಮಲಗುವ ಕಡೆಗೆ ಬೆರಳಗಲದ ಸಂದು ಬಿಟ್ಟರೂ ಕಾರ್ಬನ್ ಮೊನಾಕ್ಸೈಡ್ ಒಳಗೆ ಬಂದೀತು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗೆ ನಿಂತು ಗೂಡಿನ ಅಂಚಿಗೆ ಊದುಬತ್ತಿ ಹಿಡಿದರೆ ಸಂದು ಎಲ್ಲಿದೆಯೆಂದು ಹೊಗೆಯೇ ತೋರಿಸುತ್ತದೆ. ಈ ಪರೀಕ್ಷೆ ಗ್ಯಾಸ್ ಜೋಡಿಸುವ ಮೊದಲೇ ಮುಗಿಯಬೇಕು.

ಹೊರಗೋಡೆಗೆ ಎರಡು ಕಿಂಡಿ. ಕೆಳಗಿನದು ಗಾಡಿಯ ನೆಲದ ಮಟ್ಟಕ್ಕೇ ಇರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕಿಳಿದು ಅಲ್ಲಿಂದಲೇ ಹೊರಗೆ ಹರಿದು ಹೋಗಬೇಕು. ಮೇಲಿನದು ರೆಕ್ಕೆಗಳಿಗಿಂತ ಎತ್ತರದಲ್ಲಿರಲಿ. ಹಳೆ ಮಾಳಿಗೆ ಮನೆಯ ಅಡುಗೆಕೋಣೆಗೆ ಗವಾಕ್ಷಿ ಇದ್ದಂತೆ ಇದು. ಬಿಸಿ ಮೇಲಿಂದ ಹೋದಷ್ಟೂ ಕೆಳಗಿಂದ ತಂಪು ಗಾಳಿ ಎಳೆದುಕೊಳ್ಳುತ್ತದೆ. ಒಂದೊಂದು ಕಿಂಡಿಯ ತೆರಪು ಸಾಮಾನ್ಯವಾಗಿ 250ರಿಂದ 300 ಚದರ ಸೆಂಟಿಮೀಟರ್ ಬೇಕಾಗುತ್ತದೆ. ನಿಮ್ಮ ಫ್ರಿಜ್ಜಿನ ಕೈಪಿಡಿ ಹೇಳಿದ್ದೇ ಅಂತಿಮ. ಕತ್ತರಿಸಿದ ತೂತಿನ ಅಳತೆಯಲ್ಲ, ಜಾಲರಿಯ ತಂತಿ ಕಳೆದು ಉಳಿಯುವ ತೆರಪಿನ ಅಳತೆ.

ಹಲವರು ಎಡವುವುದು ಮುಂದಿನ ಹಂತದಲ್ಲಿ. ಜಾಗ ಹೆಚ್ಚಿದ್ದರೆ ಗಾಳಿ ಹೆಚ್ಚು ಎಂದು ಬೆನ್ನಹಿಂದೆ ಗೇಣುದ್ದ ಬಿಟ್ಟುಬಿಡುತ್ತಾರೆ. ಆಗ ಗಾಳಿ ಸುಲಭದ ದಾರಿ ಹಿಡಿದು ಗೋಡೆಗುಂಟ ಮೇಲೇರುತ್ತದೆ, ರೆಕ್ಕೆಗಳಿಗೆ ತಾಗುವುದೇ ಇಲ್ಲ. ಕಿಂಡಿಯಿಂದ ರೆಕ್ಕೆಗಳತ್ತ ಅಲ್ಯುಮಿನಿಯಂ ತಗಡನ್ನು ಓರೆಯಾಗಿ ಬಗ್ಗಿಸಿ ಕೂರಿಸಿ, ರೆಕ್ಕೆಗೂ ಗೋಡೆಗೂ ನಡುವೆ ಒಂದಿಂಚಿನೊಳಗೆ ಮಾತ್ರ ಉಳಿಸಿ. ರೆಕ್ಕೆಗಳ ಮೇಲ್ಗಡೆಯೂ ತಗಡು ಬಗ್ಗಿಸಿ, ಬಿಸಿ ಅಲ್ಲೇ ಮಡುಗಟ್ಟದೆ ಮೇಲಿನ ಕಿಂಡಿಗೆ ಜಾರುವಂತೆ ಮಾಡಿ. ಬೇಸಿಗೆಗೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ಮೇಲಿನ ಕಿಂಡಿಯ ಬಳಿ ಹೊರಮುಖವಾಗಿ ಜೋಡಿಸಿದರೆ ಒಳ್ಳೆಯದು. ಆದರೆ ತಗಡು ಸರಿಯಿಲ್ಲದೆ ಫ್ಯಾನ್ ಹಾಕಿ ಪ್ರಯೋಜನವಿಲ್ಲ.

ಕೊಳ್ಳುವಾಗ ಹವಾಮಾನದ ಗುರುತನ್ನೂ ನೋಡಿ. ‘ಎನ್’ ಎಂದಿದ್ದರೆ ಹೊರಗೆ 32 ಡಿಗ್ರಿವರೆಗೆ, ‘ಎಸ್‌ಟಿ’ ಎಂದಿದ್ದರೆ 38, ‘ಟಿ’ ಎಂದಿದ್ದರೆ 43. ನಮ್ಮ ಬಯಲುಸೀಮೆಗೆ ಮೊದಲನೆಯದು ದಂಡ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದ ಪಡುವಣ ಗಾಳಿ ನೇರ ಕಿಂಡಿಗೆ ನುಗ್ಗಿದರೆ ಉರಿ ಆರುತ್ತದೆ. ಬೇಸಿಗೆಯಲ್ಲಿ ಇಳಿಹೊತ್ತಿನ ಬಿಸಿಲೂ ಅದೇ ದಿಕ್ಕಿನದು. ಎರಡಕ್ಕೂ ಒಂದೇ ಮದ್ದು: ಕಿಂಡಿ ಇರುವ ಮಗ್ಗುಲು ಮೂಡಣಕ್ಕೆ ಬರುವಂತೆ ಗಾಡಿ ನಿಲ್ಲಿಸಿ.

ಗ್ಯಾಸ್ ಜೋಡಣೆ

ಇದನ್ನು ತಿಳಿದವರ ಕೈಯಲ್ಲೇ ಮಾಡಿಸಿ; ನೀವು ಪಕ್ಕದಲ್ಲಿ ನಿಂತು ನೋಡಿ. ಸಿಲಿಂಡರಿಗೆ ಬೇರೆಯದೇ ಪೆಟ್ಟಿಗೆ ಬೇಕು. ಅದರ ಬಾಗಿಲು ಹೊರಕ್ಕೆ ತೆರೆಯಬೇಕು, ತಳದಲ್ಲಿ ತೂತಿರಬೇಕು, ಒಳಗಿನ ಕೋಣೆಗೆ ಸಂಬಂಧವೇ ಇರಬಾರದು. ಮನೆಯ 14.2 ಕೆ.ಜಿ. ಸಿಲಿಂಡರ್ ಎತ್ತಿ ತಂದು ಇಡಬೇಡಿ. ರೆಗ್ಯುಲೇಟರಿನ ಒತ್ತಡ ಫ್ರಿಜ್ಜಿನ ಒಳಫಲಕದಲ್ಲಿ ಬರೆದಿರುವುದಕ್ಕೆ ತಾಳೆಯಾಗಬೇಕು, ಹೆಚ್ಚಾಗಿ ಅದು 30 ಮಿಲಿಬಾರ್. ಹೋಟೆಲ್ ಒಲೆಗೆ ಹಾಕುವ, ತಿರುವಿ ಉರಿ ಏರಿಸುವ ರೆಗ್ಯುಲೇಟರ್ ಬೇಡವೇ ಬೇಡ. ಗಾಡಿಯುದ್ದಕ್ಕೂ ತಾಮ್ರದ ಕೊಳವೆ, ಅದು ತಗಡನ್ನು ದಾಟುವಲ್ಲೆಲ್ಲ ರಬ್ಬರ್ ಬಳೆ, ಫ್ರಿಜ್ಜಿಗೇ ಒಂದು ಪ್ರತ್ಯೇಕ ವಾಲ್ವ್. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಕಡ್ಡಿ ಗೀರಿ ನೋಡುವ ಧೈರ್ಯ ಯಾರೂ ಮಾಡಬಾರದು.

ಗ್ಯಾಸ್ ಅಲಾರಂ ನೆಲದ ಹತ್ತಿರ ಇರಲಿ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಮಲಗುವ ಜಾಗದ ಹತ್ತಿರ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಸಿಲಿಂಡರ್ ಮುಚ್ಚಿ, ಎಲ್ಲರೂ ಕೆಳಗಿಳಿದು ದೂರ ಹೋಗಿ 1906ಕ್ಕೆ ಕರೆ ಮಾಡಿ.

ಗಾಡಿ ಓಡುವಾಗ ಸಿಲಿಂಡರ್ ಬಂದ್, ಉರಿಯ ಬದಲು ಫ್ರಿಜ್ಜಿನದೇ ಕರೆಂಟ್ ಹೀಟರ್ 12 ವೋಲ್ಟಿನಲ್ಲಿ. ಆಗ ಅದು ಹತ್ತು ಆಂಪಿಯರ್‌ಗೂ ಹೆಚ್ಚು ಎಳೆಯುವುದರಿಂದ ದಪ್ಪ ವೈರು, ಫ್ಯೂಸು, ಇಂಜಿನ್ ನಿಂತೊಡನೆ ಸಂಪರ್ಕ ಕಡಿಯುವ ರಿಲೇ ಬೇಕು. ಪೆಟ್ರೋಲ್ ಬಂಕಿಗೆ ತಿರುಗುವ ಮೊದಲೇ ಉರಿ ಆರಿದೆಯೆಂದು ನೋಡಿಕೊಳ್ಳಿ.

ಹೊರಡುವ ಹಿಂದಿನ ರಾತ್ರಿಯೇ ಮನೆ ಕರೆಂಟಿನಲ್ಲಿ ತಣಿಸಿ, ತಣ್ಣಗಿರುವ ಸಾಮಾನನ್ನೇ ತುಂಬಿ. ತಂಗುವಲ್ಲಿ ಫ್ರಿಜ್ಜಿನ ತಳದ ಮೇಲೆ ರಸಮಟ್ಟ ಇಟ್ಟು, ಚಕ್ರದಡಿ ಹಲಗೆ ಕೊಟ್ಟು ಗಾಡಿ ಸರಿಮಾಡಿ. ಉರಿ ನೀಲಿಯಾಗಿರಬೇಕು. ಹಳದಿಗೆ ತಿರುಗಿದರೆ ಬರ್ನರಿನಲ್ಲಿ ಹೆದ್ದಾರಿ ಧೂಳೋ ಕಡಜದ ಮಣ್ಣುಗೂಡೋ ಸೇರಿರುತ್ತದೆ. ಆರಿಸಿ, ಸ್ವಚ್ಛ ಮಾಡಿಸಿ. ಬರ್ನರಿಗೆ ಗ್ಯಾಸ್ ಚಿಮ್ಮುವ ಜೆಟ್ಟಿನ ತೂತಿಗೆ ಸೂಜಿ ಚುಚ್ಚಬೇಡಿ, ತೂತು ದೊಡ್ಡದಾದರೆ ಆ ಜೆಟ್ ಕೆಟ್ಟಂತೆಯೇ. ಬೆನ್ನಹಿಂದೆ ಹಳದಿ ಪುಡಿ ಕಂಡು, ಮೂಗಿಗೆ ಅಮೋನಿಯಾ ಘಾಟು ಬಡಿದರೆ ಕೊಳವೆ ಸೋರಿದೆ ಎಂದರ್ಥ. ‘ಗ್ಯಾಸ್ ತುಂಬಿಸಿ ಕೊಡ್ತೀನಿ ಸಾರ್’ ಎನ್ನುವ ಎಸಿ ಮೆಕ್ಯಾನಿಕ್ಕಿಗೆ ಅದನ್ನು ಕೊಡಬೇಡಿ. ಹಿಂಭಾಗದ ಘಟಕವನ್ನೇ ಬದಲಿಸಬೇಕಾಗುತ್ತದೆ.