ಸೂಚನಾ ಪುಸ್ತಕದಿಂದ ಕಲಿತ ಜಾಲತಾಣದ ಕೆಲಸ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಅನುದಾನಿತ ಪ್ರೌಢಶಾಲೆಯೊಂದಕ್ಕೆ ನಾನು ಮೊದಲ ಸಲ ಜಾಲತಾಣ ಮಾಡಿಕೊಟ್ಟಾಗ, ಅದರ ಪ್ರತಿಯೊಂದು ಪುಟವನ್ನೂ ಜಾಲಪುಟ ಬರೆಯುವ ಸಂಕೇತ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಕೈಯಾರೆ ಬರೆದಿದ್ದೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು; ಆದರೆ ಒಂದು ಸಾಲು ಬದಲಾಗಬೇಕಿದ್ದರೂ ಶಾಲೆಯವರು ನನಗೇ ಫೋನ್ ಮಾಡಬೇಕಾಗಿತ್ತು. ಜುಲೈ ತಿಂಗಳ ಒಂದು ಬೆಳಿಗ್ಗೆ ಭಾರಿ ಮಳೆಯ ಕಾರಣ ಶಾಲೆಗಳಿಗೆ ರಜೆ ಘೋಷಣೆಯಾಯಿತು. ಮುಖ್ಯ ಶಿಕ್ಷಕಿ ಆರು ಗಂಟೆಯಿಂದಲೇ ಕರೆ ಮಾಡುತ್ತಿದ್ದರು. ನಾನು ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿದ್ದೆ, ಫೋನಿಗೆ ಸಿಗ್ನಲ್ ಇರಲಿಲ್ಲ. ಸೂಚನೆ ಜಾಲತಾಣದಲ್ಲಿ ಕಾಣಿಸಿಕೊಳ್ಳುವಾಗ ಹನ್ನೊಂದು ದಾಟಿತ್ತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಿಂದಿನ ವರ್ಷದ ರಜೆ ಆದೇಶವೂ ಆ ದಿನದ್ದೂ ಒಟ್ಟಿಗೆ ಓಡಾಡುತ್ತಿದ್ದುದರಿಂದ ಪೋಷಕರಿಗೆ ಯಾವುದನ್ನು ನಂಬಬೇಕೆಂದು ತಿಳಿದಿರಲಿಲ್ಲ. ಕೆಲವು ಮಕ್ಕಳು ಆ ಮಳೆಯಲ್ಲೇ ಕೊಡೆ ಹಿಡಿದು ನಡೆದು ಬಂದು, ಮುಚ್ಚಿದ ಗೇಟು ನೋಡಿ ಹಿಂದಿರುಗಿದ್ದರು.

ಮರುದಿನ ಶಾಲೆಗೆ ಹೋದಾಗ ಮುಖ್ಯ ಶಿಕ್ಷಕಿ ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ಸೂಚನಾ ಪುಸ್ತಕವನ್ನು ನನ್ನ ಕಡೆಗೆ ಸರಿಸಿ, "ಸರ್, ಇದರಲ್ಲಿ ಬರೆಯೋದಕ್ಕೆ ನಾನು ಯಾರನ್ನೂ ಕಾಯಬೇಕಾಗಿಲ್ಲ ನೋಡಿ" ಎಂದರು. ಉದ್ದನೆಯ ರಟ್ಟಿನ ಪುಸ್ತಕ ಅದು. ಒಬ್ಬ ಶಿಕ್ಷಕರು ಒಕ್ಕಣೆ ಬರೆಯುತ್ತಾರೆ, ಮುಖ್ಯ ಶಿಕ್ಷಕಿ ಓದಿ ಸಹಿ ಹಾಕುತ್ತಾರೆ, ಜವಾನ ತರಗತಿಯಿಂದ ತರಗತಿಗೆ ಒಯ್ಯುತ್ತಾನೆ, ಓದಿದವರು ಅಂಚಿನಲ್ಲಿ ಸಹಿ ಮಾಡುತ್ತಾರೆ. ಯಾರು ಬರೆಯಬೇಕು, ಯಾರು ಒಪ್ಪಬೇಕು, ಯಾರಿಗೆ ತಲುಪಬೇಕು ಎಂಬುದೆಲ್ಲವೂ ಅಲ್ಲಿ ಮೊದಲೇ ತೀರ್ಮಾನವಾಗಿತ್ತು. ನಾನು ಕಟ್ಟಬೇಕಿದ್ದುದು ಇದನ್ನೇ ಎಂದು ಆಗ ನನಗೆ ಹೊಳೆಯಿತು.

ತಾಣವನ್ನು ವರ್ಡ್‌ಪ್ರೆಸ್‌ಗೆ ಬದಲಾಯಿಸಿದೆ. ಸಂಕೇತ ಭಾಷೆ ತಿಳಿಯದವರೂ ಪುಟ ಬರೆದು ಪ್ರಕಟಿಸಬಹುದಾದ, 2003ರಿಂದ ಮುಕ್ತವಾಗಿ ಸಿಗುತ್ತಿರುವ ಈ ತಂತ್ರಾಂಶಕ್ಕೆ ಶಾಲೆ ಪರವಾನಗಿ ಶುಲ್ಕ ಕಟ್ಟಬೇಕಾಗಿಲ್ಲ. ಆದರೂ ಮೊದಲ ಪ್ರಯತ್ನ ಕೆಟ್ಟಿತು. ಎಲ್ಲ ಶಿಕ್ಷಕರಿಗೂ ಪೂರ್ಣ ಅಧಿಕಾರದ ಖಾತೆ ಕೊಟ್ಟಿದ್ದೆ. ಒಬ್ಬರು ಸೂಚನೆಯೊಂದನ್ನು ತೆಗೆಯಲು ಹೋಗಿ ತಾಣದ ಮೆನುವನ್ನೇ ಅಳಿಸಿದರು, ಆಮೇಲೆ ತಿಂಗಳುಗಟ್ಟಲೆ ಯಾರೂ ಅದನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ತಪ್ಪು ನನ್ನದು. ಎರಡನೆಯ ಸಲ ಶಿಕ್ಷಕರಿಗೆ ಕಾಂಟ್ರಿಬ್ಯೂಟರ್ ಪಾತ್ರವನ್ನೂ ಮುಖ್ಯ ಶಿಕ್ಷಕಿಗೆ ಎಡಿಟರ್ ಪಾತ್ರವನ್ನೂ ಕೊಟ್ಟೆ. ಕಾಂಟ್ರಿಬ್ಯೂಟರ್ ಬರೆಯಬಹುದು, ಪ್ರಕಟಿಸಲಾರರು; ಓದಿ ಪ್ರಕಟಿಸುವವರು ಎಡಿಟರ್. ಅಂದರೆ ಸಹಿಯ ಕ್ರಮ ಹಾಗೆಯೇ ಉಳಿಯಿತು. ಆ ಪಾತ್ರಕ್ಕೆ ಚಿತ್ರ ಏರಿಸುವ ಅನುಮತಿಯೂ ಇರುವುದಿಲ್ಲವಾದ್ದರಿಂದ ಅದನ್ನು ಪ್ರತ್ಯೇಕವಾಗಿ ಸೇರಿಸಿದೆ. ಸೂಚನೆಗೆಂದೇ ಬೇರೆ ನಮೂನೆ ಮಾಡಿ, ಅದರಲ್ಲಿ ಶೀರ್ಷಿಕೆ, ಒಕ್ಕಣೆ, ಯಾವ ದಿನದವರೆಗೆ ಅನ್ವಯ ಎಂಬ ಮೂರೇ ಖಾನೆಗಳನ್ನಿಟ್ಟೆ. ದಿನಾಂಕ ಮುಗಿದ ಸೂಚನೆ ಮುಖಪುಟದಿಂದ ತಾನಾಗಿ ಇಳಿದು ಕಡತಕ್ಕೆ ಸೇರುತ್ತದೆ. ಹಳೆಯ ರಜೆ ಹೊಸ ರಜೆಯೆಂದು ಕಾಣುವ ಗೊಂದಲ ತಪ್ಪಿದ್ದು ಈ ಮೂರನೆಯ ಖಾನೆಯಿಂದ.

ಅತಿ ಹೆಚ್ಚು ಸಮಯ ತಿಂದದ್ದು ಅಕ್ಷರಗಳ ಸಮಸ್ಯೆ. ಶಾಲೆಯ ಸುತ್ತೋಲೆಗಳೆಲ್ಲ ಕನ್ನಡ ಟೈಪಿಸುವ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾಗಿದ್ದವು. ಅವನ್ನು ತಾಣದ ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಬೆರೆತ ಗೋಜಲು ಕಾಣುತ್ತಿತ್ತು. ಹಾಗಾಗಿ ಅವರು ಮುದ್ರಿಸಿ, ಸಹಿ ಮತ್ತು ಮೊಹರು ಹಾಕಿ, ಸ್ಕ್ಯಾನ್ ಮಾಡಿ ಚಿತ್ರವಾಗಿ ಏರಿಸುತ್ತಿದ್ದರು. ಆ ಚಿತ್ರವನ್ನು ಪೋಷಕರು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ಓದಬೇಕು. ಹುಡುಕಿದರೆ ಅದು ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಅಕ್ಷರವೇ ಇಲ್ಲ. ನಾನು ಶಿಕ್ಷಕರಿಗೆ ಹೊಸ ಕೀಲಿಮಣೆ ಕಲಿಸಲು ಹೋಗಲಿಲ್ಲ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಅದೇ ಕೀಲಿಮಣೆಯಲ್ಲಿ, ನುಡಿಯಲ್ಲೇ ಇರುವ ಯೂನಿಕೋಡ್ (ಯಾವ ಸಾಧನದಲ್ಲೂ ಅಕ್ಷರ ಅಕ್ಷರವಾಗಿಯೇ ಕಾಣುವ ಸಾರ್ವತ್ರಿಕ ಸಂಕೇತ ಕ್ರಮ) ಆಯ್ಕೆಯನ್ನು ಒತ್ತಿ ಟೈಪಿಸುವುದನ್ನು ತೋರಿಸಿದೆ, ಹಳೆಯ ಕಡತಗಳನ್ನು ಪರಿವರ್ತಕದಿಂದ ಬದಲಾಯಿಸಿದೆ. ಬೆರಳಿನ ಅಭ್ಯಾಸ ಬದಲಾಗದೆ ಇದ್ದುದರಿಂದ ಎರಡೇ ವಾರದಲ್ಲಿ ಒಗ್ಗಿಕೊಂಡರು.

ಕೊಂಡಿಗಳದ್ದು, ಅಂದರೆ ಪುಟಗಳ ವಿಳಾಸಗಳದ್ದು, ಇನ್ನೊಂದು ತೊಡಕು. ಕನ್ನಡ ಶೀರ್ಷಿಕೆಯಿಂದ ವರ್ಡ್‌ಪ್ರೆಸ್ ತಾನೇ ಕೊಂಡಿ ಮಾಡಿಕೊಳ್ಳುವಾಗ ಒಂದೊಂದು ಅಕ್ಷರಚಿಹ್ನೆಯೂ ಒಳಗೆ ಒಂಬತ್ತು ಸಂಕೇತಗಳಾಗಿ ಹಿಗ್ಗುತ್ತದೆ. ಕೊಂಡಿಯ ಆ ಭಾಗಕ್ಕೆ ಮಿತಿ ಇರುವುದು 200 ಸಂಕೇತ. ಆದ್ದರಿಂದ ಇಪ್ಪತ್ತೆರಡು ಚಿಹ್ನೆಗಳ ಆಚೆಗೆ ಕೊಂಡಿಯಲ್ಲಿನ ಶೀರ್ಷಿಕೆ ತುಂಡಾಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಕಾಣುತ್ತದೆ. ಕೊಂಡಿಯಲ್ಲಿ ಸೂಚನೆಯ ಸಂಖ್ಯೆ ಮಾತ್ರ ಬರುವಂತೆ ಮಾಡಿದ ಮೇಲೆ ಆ ಕಾಟ ತಪ್ಪಿತು. ಈಗ ಗುಂಪಿನಲ್ಲಿ ಹರಿದಾಡುವುದು ಆದೇಶದ ಚಿತ್ರವಲ್ಲ, ದಿನಾಂಕವಿರುವ ಪುಟದ ಪುಟ್ಟ ಕೊಂಡಿ.

ಸುತ್ತಲಿನ ಶಾಲೆಗಳ ಸಮೂಹ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ಶಿಕ್ಷಕರ ಮುಂದೆ ಈ ವಿಷಯ ಮಾತನಾಡಲು ಕರೆದಾಗ, ನಾನು ಮೊದಲ ಅರ್ಧ ಗಂಟೆ ಕಂಪ್ಯೂಟರ್ ತೆರೆಯುವುದಿಲ್ಲ. ತಮ್ಮ ತಮ್ಮ ಶಾಲೆಯ ಸೂಚನಾ ಪುಸ್ತಕವನ್ನು ತರಲು ಹೇಳಿ, ಕಳೆದ ಒಂದು ತಿಂಗಳ ಸೂಚನೆಗಳಲ್ಲಿ ಪೋಷಕರಿಗೆ ಬೇಕಾದವು ಯಾವುವು, ಅವನ್ನು ಬರೆದವರು ಯಾರು ಎಂದು ಗುರುತು ಹಾಕಿಸುತ್ತೇನೆ. ಮಕ್ಕಳ ಫೋಟೊ, ಹೆಸರು, ಅಂಕಪಟ್ಟಿ ಹಾಕುವ ಉತ್ಸಾಹ ಎಲ್ಲ ಶಾಲೆಗಳಲ್ಲೂ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಅಂಕಪಟ್ಟಿ ಮಾತ್ರ ಒಪ್ಪಿಗೆ ಇದ್ದರೂ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ; ಕಡಿಮೆ ಅಂಕ ಬಂದ ಮಗುವಿನ ಹೆಸರು ಊರೆಲ್ಲ ಓದುವಲ್ಲಿ ಇರಬಾರದು.

ಆ ಮುಖ್ಯ ಶಿಕ್ಷಕಿ ಈಗ ನಿವೃತ್ತರಾಗಿದ್ದಾರೆ. ಪ್ರಭಾರ ವಹಿಸಿಕೊಡುವ ದಿನ ನನ್ನನ್ನೂ ಕರೆದಿದ್ದರು. ಹಾಜರಿ ಪುಸ್ತಕ, ನಗದು ಪುಸ್ತಕ, ಪ್ರಯೋಗಾಲಯದ ಬೀಗದ ಕೈಗಳ ಕೆಳಗೆ, ಪ್ರಭಾರ ಪಟ್ಟಿಯಲ್ಲಿ ತಮ್ಮ ಕೈಬರಹದಲ್ಲೇ ಇನ್ನೊಂದು ಸಾಲು ಸೇರಿಸಿದ್ದರು: "ಶಾಲಾ ಜಾಲತಾಣ, ಶಾಲೆಯ ಹೆಸರಿನಲ್ಲಿ ನೋಂದಣಿ, ಎಡಿಟರ್ ಖಾತೆ ಒಂದು." ಹೊಸ ಮುಖ್ಯ ಶಿಕ್ಷಕರು ನನ್ನೆದುರೇ ಪಾಸ್‌ವರ್ಡ್ ಬದಲಾಯಿಸಿ, ಆ ಸಾಲಿನ ಎದುರು ಸಹಿ ಹಾಕಿದರು.