ಕಾರವಾರದಿಂದ ಕುಂದಾಪುರಕ್ಕೆ ಲಿಫ್ಟ್ ಕೇಳುತ್ತಾ ಹೋಗೋರಿಗೆ

ಬೆಳಗಾವಿಯಿಂದ ಕಡಿಮೆ ದುಡ್ಡಲ್ಲಿ ಗೆಳೆಯನ ಜೊತೆ ಕರಾವಳಿ ನೋಡಬೇಕು ಅನ್ನೋರಿಗೆ ಒಂದು ಮಾತು. ಘಟ್ಟ ಇಳಿಯುವವರೆಗೆ ಲಿಫ್ಟ್ ಬೇಡ, ಕಾರವಾರದವರೆಗೆ ಸುಮ್ನೆ ಬಸ್ ಹಿಡಿಯಿರಿ. ಕಾಡಿನ ಮಧ್ಯೆ ಇಳಿಸಿದರೆ ಕಷ್ಟ ಅಲ್ವಾ? ಆಮೇಲೆ ಹೆದ್ದಾರಿ 66 ಹಿಡಿದರೆ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಎಲ್ಲ ಒಂದೇ ದಾರಿ.

ಎಲ್ಲಿ ನಿಲ್ಲುತ್ತೀರಿ ಅನ್ನೋದೇ ಮುಖ್ಯ. ನಾವು ಅಂಕೋಲಾ ದಾಟಿ ಇಳಿಜಾರಿನಲ್ಲಿ ಎರಡು ತಾಸು ಕೈ ಚಾಚಿ ನಿಂತೆವು. ಒಂದು ಗಾಡಿಯೂ ನಿಲ್ಲಲಿಲ್ಲ. ವೇಗವಾಗಿ ಬರುವವರು ಅಲ್ಲಿ ಬ್ರೇಕ್ ಹಾಕೋದಿಲ್ಲ. ಕೊನೆಗೆ ಪೆಟ್ರೋಲ್ ಬಂಕ್ ಪಕ್ಕದ ಚಹಾ ಅಂಗಡಿಗೆ ಹೋದೆವು. ಲಾರಿ ಡ್ರೈವರ್ ಒಬ್ಬರು ಬಸಿಯಲ್ಲಿ ಚಹಾ ಆರಿಸುತ್ತಾ ಕೂತಿದ್ದರು. "ಅಣ್ಣಾ, ಹೊನ್ನಾವರ ಕಡೆ ಹೊಂಟೀರೇನ್ರಿ?" ಅಂದೆ. ನಮ್ಮ ಕಡೆ ಮಾತು ಕೇಳಿ ಅವರ ಮುಖ ಅರಳಿತು. ಗೋಕಾಕದವರಂತೆ! ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟೆವು. ಶರಾವತಿ ಸೇತುವೆ ಬರುವವರೆಗೂ ಊರ ಸುದ್ದಿಯೇ.

ಕಟಕ ರೊಟ್ಟಿ, ಚಟ್ನಿಪುಡಿ ಜಾಸ್ತಿ ಕಟ್ಟಿಕೊಳ್ಳಿ, ದಿನಗಟ್ಟಲೆ ಕೆಡೋದಿಲ್ಲ. ಹೋಟೆಲ್ ಖರ್ಚು ಉಳಿಯುತ್ತದೆ. ಹತ್ತುವ ಮೊದಲು ಗಾಡಿ ನಂಬರಿನ ಫೋಟೋ ಮನೆಗೆ ಕಳಿಸಿ. ಹಿಂದೆ ಸರಕಿನ ಮೇಲೆ ಕೂರಬೇಡಿ. ಕುಡಿದವರ ಗಾಡಿ ಅನ್ನಿಸಿದರೆ ಹತ್ತಲೇಬೇಡಿ. ಕತ್ತಲಾಗುವ ಮೊದಲು ಬಸ್ ನಿಲ್ದಾಣ ಇರುವ ಊರು ಸೇರಿ, ವಾಪಸ್ ಬರೋ ದುಡ್ಡು ಬೇರೆ ಜೇಬಿನಲ್ಲಿರಲಿ. ಮಳೆಗಾಲ ಬಿಟ್ಟು ಹೋಗಿ.

ಕುಂದಾಪುರ ಮುಟ್ಟುವ ಮೊದಲು ಮರವಂತೆಯಲ್ಲಿ ಇಳಿಯಿರಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ.